ಎಲ್ಲರ ಗಾಳಕ್ಕೂ ರೋಹುವೇ ಬೇಕೆ?

ಪ್ರಶ್ನೆ: ರವಿವಾರ ವರದಾ ದಂಡೆಯ ಮಡುವಿಗೆ ಹೋದರೆ ಕೂರಲು ಜಾಗವಿಲ್ಲ. ಒಬ್ಬರ ದಾರ ಇನ್ನೊಬ್ಬರದಕ್ಕೆ ಸುತ್ತಿಕೊಳ್ಳುತ್ತದೆ. ರೋಹು, ಕಾಟ್ಲಾ ಮಾತ್ರ ಕಚ್ಚುವುದಿಲ್ಲ. ಏನು ಮಾಡಬೇಕು?
– ಓದುಗರೊಬ್ಬರು, ಹಾವೇರಿ

ಉತ್ತರ: ಮಂದಿ ಹೆಚ್ಚಾದರು ಅನ್ನುವುದಕ್ಕಿಂತ ಎಲ್ಲರೂ ಒಂದೇ ಮೀನಿಗೆ ಕೂತರು ಅನ್ನಿ. ಹತ್ತು ಜನ ಶೇಂಗಾ ಹಿಂಡಿಯ ಉಂಡೆ ಎಸೆದ ಕಡೆ ಮೀನಿಗೆ ಪುಕ್ಕಟೆ ಊಟ ಸಿಕ್ಕಿರುತ್ತದೆ, ನಿಮ್ಮ ಗಾಳದ ಉಂಡೆ ಅದಕ್ಕೇಕೆ? ತಿಂದು ಉಳಿದ ಹಿಂಡಿ ತಳದಲ್ಲಿ ಕೊಳೆತು ನೀರಿನ ಆಮ್ಲಜನಕ ಹೀರುತ್ತದೆ. ನಸುಕಿನಲ್ಲಿ ಮೀನುಗಳು ಮೇಲೆ ಬಂದು ಬಾಯಿ ಬಡಿಯುತ್ತಿದ್ದರೆ ಹಸಿದಿವೆ ಎಂದುಕೊಳ್ಳಬೇಡಿ, ಅವುಗಳಿಗೆ ಉಸಿರು ಕಟ್ಟಿರುತ್ತದೆ.

ಜಿಲೇಬಿ ಮೀನಿಗೆ, ಅಂದರೆ ತಿಲಾಪಿಯಾಕ್ಕೆ, ಗಾಳ ಹಾಕಿ ನೋಡಿ. ನಡು ಮಡು ಬಿಟ್ಟು ಜೊಂಡಿನ ಅಂಚಿಗೆ ಬನ್ನಿ. 10ನೇ ನಂಬರ್ ಗಾಳ, 0.20 ಮಿ.ಮೀ. ದಾರ, ಬೆಂಡಿನಿಂದ ಕೆಳಗೆ ಎರಡು-ಮೂರು ಅಡಿ, ಅರ್ಧ ಎರೆಹುಳ. ಇಡೀ ಹುಳ ಪೋಣಿಸಿದರೆ ಜೋತಾಡುವ ತುದಿಯನ್ನಷ್ಟೇ ಕಚ್ಚಿ ಎಳೆದುಕೊಂಡು ಹೋಗುತ್ತದೆ, ಅದರ ಬಾಯಿ ಸಣ್ಣದು. ಬೆಂಡು ಪೂರ್ತಿ ಮುಳುಗಲಿ ಎಂದು ಕಾಯಬೇಡಿ, ಅಡ್ಡಕ್ಕೆ ಸರಿಯಲು ಶುರುವಾದಾಗಲೇ ಎಳೆಯಿರಿ.

ಇದು ಆಫ್ರಿಕಾದಿಂದ ಬಂದ ಮೀನು. ಹೆಣ್ಣು ಮೊಟ್ಟೆ-ಮರಿಗಳನ್ನು ಬಾಯಲ್ಲೇ ಇಟ್ಟುಕೊಂಡು ಕಾಯುವುದರಿಂದ ಬೇಗ ಹೆಚ್ಚಿ, ನಮ್ಮ ಪಕ್ಕೆ, ಗಿರ್ಲು ಮೀನುಗಳ ಜಾಗ ಹಿಡಿಯುತ್ತದೆ. ಹಿಡಿದದ್ದನ್ನು ನೀರಿಗೆ ಮರಳಿ ಬಿಡಬೇಡಿ. ರವೆ ಹಚ್ಚಿ ಹುರಿದರೆ ರೋಹುವಿಗೇನೂ ಕಡಿಮೆಯಿಲ್ಲ.

ಹೊತ್ತು ಮುಳುಗಿದ ಮೇಲೆ ಅದೇ ಎರೆಹುಳವನ್ನು ತಳಕ್ಕೆ ಬಿಟ್ಟರೆ ಗಿರ್ಲು ಬರುತ್ತದೆ. ಬೆನ್ನಿನ ಮತ್ತು ಎರಡು ಪಕ್ಕದ ಮುಳ್ಳು ಚುಚ್ಚಿದರೆ ಕೈ ಕಡಿಯುತ್ತದೆ, ಅರಿವೆ ಸುತ್ತಿ ಹಿಡಿಯಿರಿ. ಕೆರೆಯಲ್ಲಾದರೆ ಮೊದಲು ಗುತ್ತಿಗೆ ಹಿಡಿದ ಮೀನುಗಾರರ ಸಂಘವನ್ನು ಕೇಳಿ, ಅಲ್ಲಿಯ ಮರಿ ಅವರು ದುಡ್ಡು ಕೊಟ್ಟು ಬಿಟ್ಟದ್ದು.

ಪ್ರಶ್ನೆ: ಊಟಿ ಕಡೆಯ ಟ್ರೌಟ್ ಮರಿ ತಂದು ಬೆಣ್ಣಿಹಳ್ಳಕ್ಕೆ ಬಿಡಬಹುದೇ?
– ಗದಗ

ಉತ್ತರ: ಬದುಕುವುದಿಲ್ಲ. ಟ್ರೌಟ್‌ಗೆ 15 ಡಿಗ್ರಿ ಆಸುಪಾಸಿನ, ಸದಾ ಹರಿಯುವ ನೀರು ಬೇಕು. ಲೀಟರ್ ನೀರು 10 ಡಿಗ್ರಿಯಲ್ಲಿ ಸುಮಾರು 11 ಮಿಲಿಗ್ರಾಂ ಆಮ್ಲಜನಕ ಹಿಡಿದಿಟ್ಟರೆ, 30 ಡಿಗ್ರಿಯಲ್ಲಿ ಏಳೂವರೆಯಷ್ಟೇ. ಬೇಸಿಗೆಯ ಬೆಣ್ಣಿಹಳ್ಳ ಯಾವುದಕ್ಕೆ ಹತ್ತಿರ ಎಂದು ನಿಮಗೇ ಗೊತ್ತು. ನೀಲಗಿರಿಯಲ್ಲೂ ಅದು ಹೊರಗಿನಿಂದ ತಂದು ಬಿಟ್ಟ ಮೀನೇ.

ಪ್ರಶ್ನೆ: ನೀರಿನ ಮೇಲೆ ಕೆಂಪು ಮರಿಗಳ ಗುಂಪು ಕಂಡರೆ ಅಡಿಯಲ್ಲಿ ದೊಡ್ಡ ಕೊರವ ಮೀನು ಇರುತ್ತದಂತೆ, ನಿಜವೇ? ನಮ್ಮ ಹಳ್ಳದಲ್ಲಿ ಕೊರವ ಕಡಿಮೆಯಾಗಿದೆ.
– ಕಲಘಟಗಿ

ಉತ್ತರ: ನಿಜ, ಅದಕ್ಕೇ ಅಲ್ಲಿ ಗಾಳ ಹಾಕಬಾರದು. ಕೊರವ ಮರಿಗಳ ಕೆಳಗೇ ನಿಂತು ಕಾವಲು ಕಾಯುತ್ತದೆ. ಹತ್ತಿರ ಬಂದ ಕಪ್ಪೆಯನ್ನು ಅದು ಕಚ್ಚುವುದು ಹಸಿವಿಗಲ್ಲ, ಓಡಿಸಲಿಕ್ಕೆ. ಅದನ್ನು ಎತ್ತಿಕೊಂಡರೆ ಕಾಯುವವರಿಲ್ಲದ ಮರಿಗಳು ಉಳಿದ ಮೀನುಗಳ ಬಾಯಿಗೆ ಹೋಗುತ್ತವೆ. ಮರಿಗಳ ಕೆಂಪು ಮಾಸಿ ಗುಂಪು ಚೆದುರುವ ತನಕ ತಡೆಯಿರಿ.

ಇನ್ನು ಹಳ್ಳದ ಮಾತು. ಬೇಸಿಗೆಯಲ್ಲಿ ಹರಿವು ನಿಂತಾಗ ಉಳಿಯುವ ಒಂದೆರಡು ಮಡುಗಳಲ್ಲೇ ಮುಂದಿನ ಮಳೆಗಾಲದ ತಾಯಿ ಮೀನು ಇರುತ್ತದೆ. ಅಂಥ ಮಡುವಿಗೆ ಬ್ಲೀಚಿಂಗ್ ಪೌಡರ್ ಸುರಿದರೆ ಮೀನಿನ ಜೊತೆ ಅದು ತಿನ್ನುವ ಹುಳವೂ ಸಾಯುತ್ತದೆ. ನೀರಿಗೆ ವಿಷ, ಸಿಡಿಮದ್ದು ಹಾಕುವುದನ್ನು 1897ರ ಮೀನುಗಾರಿಕೆ ಕಾಯ್ದೆಯೇ ಅಪರಾಧ ಎಂದಿದೆ. ಹಳ್ಳ ಹೇಗಿದೆ ಎಂದು ತಿಳಿಯಲು ನೀರು ಹರಿಯುವಾಗ ಮೊಣಕಾಲುದ್ದದ ನೀರಿನಲ್ಲಿ ಅಂಗೈಯಗಲದ ಐದಾರು ಕಲ್ಲು ಮಗುಚಿ ನೋಡಿ. ಅಡಿಯಲ್ಲಿ ಮೂರು ಬಾಲದ ಚಪ್ಪಟೆ ಹುಳ, ಮರಳು ಅಂಟಿಸಿಕೊಂಡ ಪುಟ್ಟ ಕೊಳವೆ ಕಂಡರೆ ನೀರು ಚಲೋ ಇದೆ. ಬರೀ ಕೆಂಪು ದಾರದಂಥ ಹುಳ ಸಿಕ್ಕರೆ ಮೇಲ್ಗಡೆ ಎಲ್ಲೋ ಗಟಾರದ ನೀರು ಸೇರುತ್ತಿದೆ, ಹುಡುಕಿಕೊಂಡು ಹೋಗಿ. ನೋಡಿದ ಕಲ್ಲನ್ನು ಮೊದಲಿದ್ದಂತೆಯೇ ಇಡಿ.