ಸೂಯೆಜ್‌ನ ಜೊತೆಗಾರರು

ಧಾರವಾಡದ ಓದುಗರೊಬ್ಬರು ಕೇಳಿದ್ದಾರೆ: "ಶತಮಾನಗಟ್ಟಲೆ ಕಚ್ಚಾಡಿದ ಬ್ರಿಟನ್, ಫ್ರಾನ್ಸ್ 1956ರಲ್ಲಿ ಈಜಿಪ್ಟ್ ಮೇಲೆ ಒಟ್ಟಿಗೆ ದಾಳಿ ಮಾಡಿದ್ದು ಹೇಗೆ? ಅಷ್ಟೊಂದು ಗೆಳೆತನ ಬಂದಿತ್ತೇ?"

ಗೆಳೆತನ ಅನ್ನೋದು ಸ್ವಲ್ಪ ಜಾಸ್ತಿಯಾಯಿತು ಸ್ವಾಮಿ. ಇಬ್ಬರಿಗೂ ಈಜಿಪ್ಟ್ ಅಧ್ಯಕ್ಷ ನಾಸರ್ ಮೇಲೆ ಸಿಟ್ಟಿತ್ತು, ಅಷ್ಟೇ. ಜುಲೈ 26ರಂದು ಅವರು ಸೂಯೆಜ್ ಕಾಲುವೆಯನ್ನು ರಾಷ್ಟ್ರೀಕರಣ ಮಾಡಿದಾಗ ಬ್ರಿಟನ್‌ಗೆ ಆ ದಾರಿಯಲ್ಲಿ ಬರುವ ಎಣ್ಣೆಯ ಚಿಂತೆ. ಫ್ರಾನ್ಸ್‌ಗೆ ತಾನು ಆಳುತ್ತಿದ್ದ ಅಲ್ಜೀರಿಯದ ಚಿಂತೆ. ಅಲ್ಲಿನ ಬಂಡಾಯಗಾರರಿಗೆ ನಾಸರ್ ಬೆಂಬಲವಿತ್ತಲ್ಲ.

ಬರೀ 11 ವರ್ಷ ಹಿಂದೆ ಹೋಗಿ. 1945ರ ಮೇ ಕೊನೆಯಲ್ಲಿ ಫ್ರೆಂಚರು ತಮ್ಮ ಹಿಡಿತದಲ್ಲಿದ್ದ ಸಿರಿಯದ ರಾಜಧಾನಿ ಡಮಾಸ್ಕಸ್ ಮೇಲೆ ಶೆಲ್ ಹಾರಿಸಿದರು. ಆಗ ಬ್ರಿಟಿಷ್ ಪ್ರಧಾನಿ ಚರ್ಚಿಲ್ ಅವರ ಸೇನೆ ಮಧ್ಯೆ ಬಂದು, ಫ್ರೆಂಚ್ ಪಡೆ ಬ್ಯಾರಕ್‌ಗೆ ಮರಳಬೇಕೆಂದು ತಾಕೀತು ಮಾಡಿತು. ಸಿರಿಯ ಫ್ರೆಂಚರ ಕೈಬಿಟ್ಟು ಹೋಯಿತು. ಇದು ಬ್ರಿಟಿಷರದೇ ಪಿತೂರಿ ಎಂದು ಆಗಿನ ಫ್ರೆಂಚ್ ನಾಯಕ ಡಿಗಾಲ್ ನಂಬಿದ್ದರು.

1956ರ ಸೆಪ್ಟೆಂಬರಿನಲ್ಲಂತೂ ಫ್ರೆಂಚ್ ಪ್ರಧಾನಿ ಗಿ ಮೊಲೆ ಲಂಡನ್‌ಗೆ ಬಂದು, ಎರಡೂ ದೇಶಗಳನ್ನು ಒಂದು ಮಾಡೋಣವೇ ಎಂದು ಕೇಳಿದ್ದರು! ಬ್ರಿಟಿಷ್ ಪ್ರಧಾನಿ ಈಡನ್ ಒಪ್ಪಲಿಲ್ಲ.

ಆದರೆ ಇಬ್ಬರ ನಡುವಿನ ನಂಬಿಕೆ ಎಷ್ಟು ಗಟ್ಟಿ ಎಂಬುದು ಸೆವ್ರ್‌ನಲ್ಲಿ ಗೊತ್ತಾಗುತ್ತದೆ. ಪ್ಯಾರಿಸ್ ಪಕ್ಕದ ಈ ಊರಿನ ಒಂದು ಮನೆಯಲ್ಲಿ ಅಕ್ಟೋಬರ್ 24ರಂದು ಬ್ರಿಟನ್, ಫ್ರಾನ್ಸ್, ಇಸ್ರೇಲ್ ಗುಟ್ಟಾಗಿ ಒಪ್ಪಂದ ಮಾಡಿಕೊಂಡವು. ಇಸ್ರೇಲ್ ಮೊದಲು ಈಜಿಪ್ಟ್ ಮೇಲೆ ನುಗ್ಗಬೇಕು. ಬ್ರಿಟನ್, ಫ್ರಾನ್ಸ್ ಜಗಳ ಬಿಡಿಸುವವರ ಹಾಗೆ ಬರಬೇಕು. ಇದನ್ನೆಲ್ಲ ಕಾಗದದ ಮೇಲೆ ಬರೆದು ಸಹಿ ಹಾಕಿದ್ದಾರೆಂದು ತಿಳಿದು ಈಡನ್ ಗಾಬರಿಯಾದರು. ಪ್ರತಿಗಳನ್ನೆಲ್ಲ ನಾಶಮಾಡಿ ಎಂದು ಕೇಳಲು ಮರುದಿನವೇ ಇಬ್ಬರು ಅಧಿಕಾರಿಗಳನ್ನು ಪ್ಯಾರಿಸ್‌ಗೆ ಓಡಿಸಿದರು. ಫ್ರೆಂಚರು ಅವರನ್ನು ಗಂಟೆಗಟ್ಟಲೆ ಕಾಯಿಸಿ, ಆಗಲ್ಲ ಎಂದು ಕಳಿಸಿದರು. ಬ್ರಿಟನ್ ತನ್ನ ಪ್ರತಿಯನ್ನು ಸುಮ್ನೆ ಇಲ್ಲವಾಗಿಸಿತು. ಇಸ್ರೇಲಿನ ಪ್ರತಿ ಉಳಿಯಿತು.

ಮುಂದಿನದು ನಿಮಗೆ ಗೊತ್ತೇ ಇದೆ. ಅಂದುಕೊಂಡಂತೆ ದಾಳಿ ನಡೆಯಿತು. ಅಮೆರಿಕ ಮುನಿಸಿಕೊಂಡಿತು, ಪೌಂಡ್ ಕುಸಿಯತೊಡಗಿತು. ನವೆಂಬರ್ 6ರಂದು ಈಡನ್ ಕದನ ನಿಲ್ಲಿಸಲು ಒಪ್ಪಿದರು. ಇನ್ನೆರಡು ದಿನ ತಡೆಯಿರಿ ಎಂಬುದು ಫ್ರೆಂಚರ ಮನಸ್ಸು. ಆದರೆ ಒಬ್ಬರೇ ಮುಂದುವರಿಯುವ ಶಕ್ತಿ ಎಲ್ಲಿತ್ತು? ಅಂದು ಮೊಲೆ ಜೊತೆ ಪ್ಯಾರಿಸ್‌ನಲ್ಲಿ ಇದ್ದವರು ಪಶ್ಚಿಮ ಜರ್ಮನಿಯ ಚಾನ್ಸೆಲರ್ ಅಡೆನಾವರ್. ನನ್ನ ಪ್ರಕಾರ ಫ್ರಾನ್ಸ್ ಬ್ರಿಟನ್‌ನ ಕೈಬಿಟ್ಟು ಜರ್ಮನಿಯತ್ತ ವಾಲಿದ್ದು ಅಲ್ಲಿಂದಲೇ ಜೋರಾಯಿತು. 1957ರ ಮಾರ್ಚ್‌ನಲ್ಲಿ ರೋಮ್ ಒಪ್ಪಂದವಾಗಿ ಫ್ರಾನ್ಸ್, ಜರ್ಮನಿ ಸೇರಿ ಯುರೋಪಿನ ಆರು ದೇಶಗಳ ಸಾಮಾನ್ಯ ಮಾರುಕಟ್ಟೆ ಹುಟ್ಟಿತು. ಬ್ರಿಟನ್ ಸೇರಲು ಕೇಳಿಕೊಂಡಾಗ, ಒಲ್ಲದ ಗಂಡನಿಗೆ ಮೊಸರಲ್ಲೂ ಕಲ್ಲು ಎಂಬಂತೆ, ಆಗ ಫ್ರೆಂಚ್ ಅಧ್ಯಕ್ಷರಾಗಿದ್ದ ಡಿಗಾಲ್ 1963ರಲ್ಲೂ 1967ರಲ್ಲೂ ಬೇಡವೆಂದರು. ಅವರು ಅಧಿಕಾರ ಬಿಟ್ಟ ಮೇಲೆಯೇ, 1973ರಲ್ಲಿ, ಬ್ರಿಟನ್ ಒಳಗೆ ಹೋದದ್ದು.

— ಸಂ.