ಬೆಲೀಜ್ ನೋಡೋಕೆ ಹೊರಟೋರ ಪ್ರಶ್ನೆಗಳು

ಹಿಂದಿನ ಸಂಚಿಕೆಲಿ ಬೆಲೀಜ್ ಬಗ್ಗೆ ಎರಡೇ ಸಾಲು ಬರೆದಿದ್ವಿ, ಅಷ್ಟಕ್ಕೇ ರಾಶಿ ಪ್ರಶ್ನೆ ಬಂದ್ವು, ಹಾಗಾಗಿ ಈ ಸಲದ ಅಂಕಣ ಪೂರ್ತಿ ಅದಕ್ಕೇ. ಗೊತ್ತಿಲ್ದೋರಿಗೆ: ಮೆಕ್ಸಿಕೊ ಕೆಳಗೆ, ಗ್ವಾಟೆಮಾಲಾ ಪಕ್ಕ, ಕೆರಿಬಿಯನ್ ಕಡಲ ದಂಡೇಲಿರೋ ಪುಟ್ಟ ದೇಶ. ಸುಮಾರು 23,000 ಚದರ ಕಿ.ಮೀ., ಅಂದ್ರೆ ನಮ್ಮ ಉತ್ತರ ಕನ್ನಡ ಜಿಲ್ಲೆಯ ಎರಡರಷ್ಟಕ್ಕಿಂತ ಒಂಚೂರು ಜಾಸ್ತಿ, ಜನ ನಾಲ್ಕು ಲಕ್ಷದ ಆಸುಪಾಸು.

ಪ್ರಶ್ನೆ: ಬ್ಲೂ ಹೋಲ್ (ಸಮುದ್ರದೊಳಗಿನ ಆ ದೊಡ್ಡ ದುಂಡು ಗುಂಡಿ) ಫೋಟೋ ನೋಡಿ ತಲೆ ಕೆಟ್ಟಿದೆ. ಅದೊಂದನ್ನೇ ನೋಡ್ಕೊಂಡು ಬಂದ್ರೆ ಸಾಕಾ? (ಹೊನ್ನಾವರದ ಓದುಗರು)

ಸಾಕಾಗಲ್ಲ. ನೀವು ನೋಡಿರೋ ಆ ಫೋಟೋ ವಿಮಾನದಿಂದ ತೆಗೆದಿದ್ದು ಸ್ವಾಮಿ, ಬೋಟಲ್ಲಿ ಹೋಗಿ ನಿಂತ್ರೆ ಸುತ್ತ ಕಡುನೀಲಿ ನೀರು ಬಿಟ್ರೆ ಏನೂ ಕಾಣಲ್ಲ. ಹಿಮಯುಗದಲ್ಲಿ ಸಮುದ್ರ ಕೆಳಗಿದ್ದಾಗ ಅದೊಂದು ಸುಣ್ಣಕಲ್ಲಿನ ಗವಿ, ಆಮೇಲೆ ಚಾವಣಿ ಕುಸಿದು ನೀರು ತುಂಬ್ಕೊಂಡಿದೆ, ಅಗಲ 300 ಮೀಟರ್, ಆಳ 120 ಮೀಟರಿಗೂ ಜಾಸ್ತಿ. ಗವಿಯಾಗಿದ್ದಾಗ ಹುಟ್ಟಿದ ಕಲ್ಲಿನ ಕೋಲುಗಳು ಈಗ್ಲೂ ಒಳಗೆ ನೇತಾಡ್ತಿವೆ, ಆದ್ರೆ ಅದನ್ನ ನೋಡೋಕೆ 40 ಮೀಟರ್ ತನಕ ಡೈವ್ ಮಾಡ್ಬೇಕು, ಹೊಸಬರ ಕೆಲ್ಸ ಅಲ್ಲ. ನನ್ನ ಕೇಳಿದ್ರೆ ಆ ಟ್ರಿಪ್ಪಲ್ಲಿ ದುಡ್ಡು ವಸೂಲಾಗೋದು ಹತ್ತಿರದ ಹಾಫ್ ಮೂನ್ ಕೇ ದ್ವೀಪದಲ್ಲಿ, ಕೆಂಪು ಪಾದದ ಬೂಬಿ ಹಕ್ಕಿಗಳು ಮರದ ತುಂಬ ಗೂಡು ಕಟ್ಟಿರ್ತವೆ.

ಈ ಬ್ಲೂ ಹೋಲ್ ಇರೋ ಹವಳದ ದಂಡೆ 1996ರಲ್ಲೇ ವಿಶ್ವ ಪರಂಪರೆ ಪಟ್ಟಿಗೆ ಸೇರ್ತು, 2009ರಲ್ಲಿ ಅಪಾಯದ ಪಟ್ಟಿಗೂ ಬಿತ್ತು. ಸಮುದ್ರದಲ್ಲಿ ಎಣ್ಣೆ ತೆಗೀಬೇಕು ಅನ್ನೋ ಮಾತು ಬಂದಾಗ 2012ರಲ್ಲಿ ಅಲ್ಲಿನ ಸಂಘಟನೆಗಳು ಸರ್ಕಾರಕ್ಕೆ ಕಾಯದೆ ತಾವೇ ಜನಮತ ಸಂಗ್ರಹ ಮಾಡಿದ್ವು, ಮತ ಹಾಕಿದೋರಲ್ಲಿ ನೂರಕ್ಕೆ 96 ಜನ ಬೇಡವೇ ಬೇಡ ಅಂದ್ರು. ಕೊನೆಗೆ 2017ರಲ್ಲಿ ಅದಕ್ಕೆ ತಡೆ ಕಾನೂನು ಬಂತು, ಮರುವರ್ಷ ಅಪಾಯದ ಪಟ್ಟಿಯಿಂದ ಹೆಸರೂ ಹೋಯ್ತು.

ಪ್ರಶ್ನೆ: ಜಾಗ್ವಾರ್ ಕಾಣ್ಸುತ್ತಾ? ಸಫಾರಿ ಜೀಪ್ ಇದ್ಯಾ? (ಮೈಸೂರಿನ ಓದುಗರು)

ಜೀಪಿನ ಆಸೆ ಬಿಡಿ, ಅಲ್ಲಿ ನಡೀಬೇಕು. ಕಾಕ್ಸ್‌ಕೋಂಬ್ ಅನ್ನೋ ಕಾಡು 1980ರ ದಶಕದಲ್ಲೇ ಜಾಗ್ವಾರ್‌ಗೆ ಅಂತಾನೇ ಮೀಸಲಾಗಿದ್ದು, ಇಂಥದ್ದು ಜಗತ್ತಲ್ಲೇ ಮೊದಲು. ಪ್ರಾಣಿ ಕಾಣೋದು ಅಪರೂಪ, ಕೆಸರಲ್ಲಿ ಹೆಜ್ಜೆ ಸಿಕ್ರೆ ಅದೃಷ್ಟ ಅಂದ್ಕೊಳ್ಳಿ. ಒಳಗಿದ್ದ ಮಾಯಾ ಕುಟುಂಬಗಳು ಆಗ ಜಾಗ ಬಿಟ್ಟು ಹೊರಗೆ ಬರ್ಬೇಕಾಯ್ತು, ನಾಗರಹೊಳೆ ಹಾಡಿಗಳ ಕಥೆ ಗೊತ್ತಿರೋ ನಿಮಗೆ ಬಿಡಿಸಿ ಹೇಳ್ಬೇಕಿಲ್ಲ. ಗೇಟ್ ಹತ್ರ ಮಾಯಾ ಸೆಂಟರ್ ಅನ್ನೋ ಊರಿದೆ, ಗೈಡ್ ಬೇಕಂದ್ರೆ ಅಲ್ಲಿನೋರನ್ನೇ ಹಿಡೀರಿ.

ಪ್ರಾಣಿ ಕಣ್ಣಿಗೆ ಬೀಳ್ಲೇಬೇಕು ಅನ್ನೋರು ಬೆಲೀಜ್ ನದಿ ದಂಡೆಯ ಬಬೂನ್ ಅಭಯಾರಣ್ಯಕ್ಕೆ ಹೋಗಿ. ಅಲ್ಲಿರೋದು ಬಬೂನ್ ಅಲ್ಲ, ಕಪ್ಪು ಹೌಲರ್ ಕೋತಿ, ಕೂಗು ಶುರುವಾದ್ರೆ ಯಾವ್ದೋ ದೊಡ್ಡ ಮೃಗ ಬಂತು ಅಂತ ಎದೆ ಧಸಕ್ ಅನ್ನುತ್ತೆ. ಇಲ್ಲಿ ನನಗೆ ಹಿಡಿಸಿದ್ದು ಅಂದ್ರೆ ಇದು ಸರ್ಕಾರಿ ಕಾಡಲ್ಲ, 1985ರಿಂದ ಊರ ರೈತ್ರೇ ನಮ್ಮ ಜಮೀನಲ್ಲಿ ಹೊಳೆ ಪಕ್ಕದ ಮರ ಕಡಿಯಲ್ಲ ಅಂತ ಬರೆದುಕೊಟ್ಟು ಉಳಿಸ್ಕೊಂಡಿರೋದು.

ಪ್ರಶ್ನೆ: ಅಲ್ಲಿ ಯಾರ್ಯಾರು ಇದ್ದಾರೆ? ನಮ್ಮ ದೇಶದೋರು ಸಿಗ್ತಾರಾ? (ಬೆಳಗಾವಿಯ ಓದುಗರು)

ಮೊದಲಿಂದ ಇದ್ದೋರು ಮಾಯಾ ಜನ. ಕಾರಕೋಲ್ ಅನ್ನೋ ಹಳೇ ಪಾಳು ನಗರದಲ್ಲಿ ಅವರು ಕಟ್ಟಿದ ಕಾನಾ ಅನ್ನೋ ಕಟ್ಟಡ 40 ಮೀಟರಿಗೂ ಎತ್ತರ, ಇವತ್ತಿಗೂ ದೇಶದ ಅತಿ ಎತ್ತರದ ಕಟ್ಟಡಗಳ ಸಾಲಲ್ಲಿದೆ. ಆಮೇಲೆ ಬಣ್ಣ ತೆಗೆಯೋ ಮರ, ಮಹಾಗನಿ ಕಡಿಯೋಕೆ ಇಂಗ್ಲಿಷರು ಬಂದ್ರು, ಕಡಿಸಿದ್ದು ಆಫ್ರಿಕಾದ ಗುಲಾಮರ ಕೈಲಿ, ಬ್ರಿಟಿಷ್ ಹೊಂಡುರಾಸ್ ಅನ್ನೋ ಹೆಸ್ರು 1973ರ ತನಕ ಇತ್ತು, ಸ್ವಾತಂತ್ರ್ಯ ಸಿಕ್ಕಿದ್ದು 1981ರ ಸೆಪ್ಟೆಂಬರ್ 21ಕ್ಕೆ. ಆಡಳಿತದ ಭಾಷೆ ಇಂಗ್ಲಿಷ್, ಬೀದೀಲಿ ಕ್ರಿಯೋಲ್ (ಇಂಗ್ಲಿಷಿಂದ ಹುಟ್ಟಿದ ಆಡುಮಾತು), ಸ್ಪ್ಯಾನಿಷ್ ಕೂಡ ಎಲ್ಲಾ ಕಡೆ ಕೇಳುತ್ತೆ.

ಗರಿಫುನಾ ಜನರನ್ನ ಮಾತ್ರ ತಪ್ಪಿಸ್ಬೇಡಿ. ಸೇಂಟ್ ವಿನ್ಸೆಂಟ್ ದ್ವೀಪದಲ್ಲಿ ಅಲ್ಲಿನ ಮೂಲನಿವಾಸಿಗಳು, ಆಫ್ರಿಕನ್ನರು ಬೆರೆತು ಹುಟ್ಟಿದ ಸಮುದಾಯ ಇದು, ಬ್ರಿಟಿಷರ ಜೊತೆ ಕಾದಾಡಿ ಸೋತ್ಮೇಲೆ 1797ರಲ್ಲಿ ಇವರನ್ನ ಹಡಗು ಹತ್ತಿಸಿ ಈಗಿನ ಹೊಂಡುರಾಸ್ ದೇಶದ ರೋಆಟಾನ್ ದ್ವೀಪಕ್ಕೆ ತಂದು ಬಿಸಾಕಿದ್ರು. ಅಲ್ಲಿಂದ ಬೆಲೀಜ್ ದಡ ಸೇರಿದ ನೆನಪಿಗೆ ಪ್ರತಿ ನವೆಂಬರ್ 19ಕ್ಕೆ ಡಂಗ್ರಿಗಾದಲ್ಲಿ ಬೆಳಗಾಗ್ತಿದ್ದಂಗೆ ದೋಣೀಲಿ ಬಂದಿಳಿಯೋ ಆಟ ಆಡ್ತಾರೆ, ಡೋಲು ಹಿಂದಿನ ರಾತ್ರಿಯಿಂದ ನಿಂತಿರಲ್ಲ. ಸಾಧ್ಯವಾದ್ರೆ ಆ ದಿನಕ್ಕೇ ಟಿಕೆಟ್ ಮಾಡಿ.

ಇನ್ನು ನಮ್ಮೋರು: 19ನೇ ಶತಮಾನದಲ್ಲಿ ಕಬ್ಬಿನ ತೋಟಕ್ಕೆ ಕೂಲಿಗೆ ಅಂತ ಹೋದ ಭಾರತೀಯರ ಮಕ್ಕಳು, ಮರಿಮಕ್ಕಳು ದಕ್ಷಿಣದ ಟೊಲೆಡೊ, ಉತ್ತರದ ಕೊರೊಜಾಲ್ ಕಡೆ ಇದ್ದಾರೆ. ಭಾಷೆ ಹೋಗಿದೆ, ಅರಿಶಿನ ಹಾಕೋ ಅಡುಗೆ ಉಳಿದಿದೆ.

ಪ್ರಶ್ನೆ: ನಾವು ಸಸ್ಯಾಹಾರಿಗಳು, ಉಪವಾಸ ಬೀಳ್ತೀವಾ? (ಶಿರಸಿಯ ಓದುಗರು)

ಇಲ್ಲಪ್ಪ. ತೆಂಗಿನ ಹಾಲಲ್ಲಿ ಬೇಯಿಸಿದ ಅನ್ನ, ಕೆಂಪು ಬೀನ್ಸ್ ಅವರ ದಿನದ ಊಟ, ಆದ್ರೆ ರುಚಿಗೆ ಅಂತ ಹಂದಿ ಬಾಲ ಹಾಕೋ ರೂಢಿ ಇದೆ, ಪ್ರತಿ ಸಲ ಕೇಳೇ ತಿನ್ನಿ. ಬೆಳಿಗ್ಗೆ ಪೂರಿ ಥರ ಉಬ್ಬಿ ಬರೋ ಫ್ರೈ ಜಾಕ್ಸ್ ಸಿಗುತ್ತೆ. ಹೋಗೋದಾದ್ರೆ ಮಳೆ ಕಡಿಮೆ ಇರೋ ಫೆಬ್ರವರಿಯಿಂದ ಏಪ್ರಿಲ್ ಒಳಗೆ (ನವೆಂಬರ್ ಹಬ್ಬಕ್ಕೆ ಹೋಗೋರು ಕೊಡೆ ಇಟ್ಕೊಳ್ಳಿ), ಜೂನ್ ಆದ್ಮೇಲೆ ಚಂಡಮಾರುತದ ಕಾಟ. ಅಮೆರಿಕದ ಡಾಲರ್ ಎಲ್ಲಾ ಕಡೆ ನಡೆಯುತ್ತೆ, ಒಂದಕ್ಕೆ ಎರಡು ಬೆಲೀಜ್ ಡಾಲರ್, ಬೆಲೆ ಹೇಳಿದಾಗ ಯಾವ ಡಾಲರ್ ಅಂತ ಮೊದ್ಲೇ ಕೇಳ್ಕೊಳ್ಳಿ.