ಎಳೆ ಹುಂಜದ ಪುಂಡಾಟ

ಪ್ರಶ್ನೆ: ಹಿತ್ತಲಲ್ಲಿ ಒಂದು ತಾಯಿ ಕೋಳಿ, ಅದರದೇ ಮರಿಗಳಾದ ನಾಲ್ಕು ಹೇಂಟೆ, ಎರಡು ಹುಂಜ ಇವೆ. ಮರಿಗಳಿಗೆಲ್ಲ ಈಗ 5 ತಿಂಗಳು. ಹುಂಜಗಳಲ್ಲಿ ಕೆಂಪನೆಯದು ಇತ್ತೀಚೆಗೆ ಹೇಂಟೆಗಳನ್ನು ಅಟ್ಟಿಸಿಕೊಂಡು ಹೋಗಿ ಕತ್ತಿನ ಗರಿ ಕಚ್ಚಿ ಹಿಡಿಯುತ್ತದೆ. ಅವು ಕಿರುಚಿಕೊಂಡು ಓಡುತ್ತವೆ. ಒಂದು ಹೇಂಟೆಯಂತೂ ಬೆಳಿಗ್ಗೆ ಗೂಡಿನಿಂದ ಕೆಳಗಿಳಿಯುವುದೇ ಇಲ್ಲ. ಕೋಲು ತೋರಿಸಿ ಹೆದರಿಸಿದರೂ ಪ್ರಯೋಜನವಿಲ್ಲ. ವಿಚಿತ್ರ ಅಂದರೆ ತಾಯಿ ಕೋಳಿಯ ತಂಟೆಗೆ ಮಾತ್ರ ಹೋಗುವುದಿಲ್ಲ. ಇದಕ್ಕೆ ಬುದ್ಧಿ ಕಲಿಸಬಹುದಾ, ಇಲ್ಲ ಯಾರಿಗಾದರೂ ಕೊಟ್ಟುಬಿಡಬೇಕಾ?

ಉತ್ತರ: ತಾಯಿ ಕೋಳಿಯ ತಂಟೆಗೆ ಹೋಗುವುದಿಲ್ಲ ಅಂದಿರಲ್ಲ, ಅರ್ಧ ಉತ್ತರ ಅಲ್ಲೇ ಇದೆ. ಹೋದರೆ ನೆತ್ತಿಗೆ ಕುಕ್ಕಿಸಿಕೊಂಡು ಬರಬೇಕು ಅಂತ ಅದಕ್ಕೆ ಚೆನ್ನಾಗಿ ಗೊತ್ತು. ಹೇಂಟೆಗಳು ಹಾಗಲ್ಲ. ಜೊತೆಯಲ್ಲೇ ಹುಟ್ಟಿದವು, ಮೈಯಲ್ಲೂ ಚಿಕ್ಕವು, ಎದುರು ನಿಲ್ಲುವ ಧೈರ್ಯ ಇಲ್ಲ.

ಹುಂಜಕ್ಕೆ ನಾಲ್ಕೈದು ತಿಂಗಳಿಗೆಲ್ಲ ಪ್ರಾಯ ಬರುತ್ತದೆ. ಅದೇ ಕಾವಿನ ಹೇಂಟೆ ಮೊಟ್ಟೆಗೆ ಬರುವುದು ಇನ್ನೂ ತಡವಾಗಿ. ನಿಮ್ಮ ಹಿತ್ತಲಲ್ಲಿ ಈಗ ನಡೆಯುತ್ತಿರುವುದು ಈ ನಡುವಿನ ಹೊತ್ತಿನ ಗಲಾಟೆ. ಹೇಂಟೆ ಪ್ರಾಯಕ್ಕೆ ಬಂದಮೇಲೆ ಹುಂಜ ಹತ್ತಿರ ಬಂದರೆ ತಾನಾಗಿ ರೆಕ್ಕೆ ಸಡಿಲಿಸಿ ನೆಲಕ್ಕೆ ಕೂರುತ್ತದೆ. ನಿಮ್ಮವು ಇನ್ನೂ ಕೂರುತ್ತಿಲ್ಲ, ಓಡುತ್ತಿವೆ. ಓಡಿದಷ್ಟೂ ಅದು ಅಟ್ಟುತ್ತದೆ.

ಬಲಿತ ಹುಂಜದ ನಡವಳಿಕೆಯೇ ಬೇರೆ. ನಮ್ಮಲ್ಲಿ ಒಂದು ಕರಿ ಹುಂಜ ಇತ್ತು. ನೆಲ ಕೆದಕಿ ಒಂದು ಹುಳ ಸಿಕ್ಕಿತು ಅನ್ನಿ, ತಾನು ತಿನ್ನುತ್ತಿರಲಿಲ್ಲ. ಕೊಕ್ಕಿನಲ್ಲಿ ಎತ್ತುವುದು, ಕೆಳಗೆ ಬಿಡುವುದು, ಮತ್ತೆ ಎತ್ತುವುದು, ಜೊತೆಗೆ ಕುಕ್ ಕುಕ್ ಕುಕ್ ಅಂತ ಕರೆಯುವುದು. ಕೋಳಿಗಳು ಓಡೋಡಿ ಬರುತ್ತಿದ್ದವು. ಆಮೇಲೆ ಒಂದು ರೆಕ್ಕೆಯನ್ನು ನೆಲಕ್ಕೆ ತಾಗುವಷ್ಟು ಇಳಿಸಿ, ಬೇಕಾದ ಕೋಳಿಯ ಸುತ್ತ ಅಡ್ಡಡ್ಡ ಹೆಜ್ಜೆ ಹಾಕುತ್ತಿತ್ತು. ಕೋಳಿ ಕೂತರೆ ಸರಿ. ಇಲ್ಲದಿದ್ದರೆ ಏನೂ ಆಗದವನಂತೆ ಮತ್ತೆ ನೆಲ ಕೆದಕಲು ಹೋಗುವುದು. ಇಷ್ಟೆಲ್ಲ ನಯ ಎಳೆ ಹುಂಜಕ್ಕೆ ಎಲ್ಲಿಂದ ಬರಬೇಕು? ಎಷ್ಟೋ ಹುಂಜಗಳು ವರ್ಷ ತುಂಬುವ ಹೊತ್ತಿಗೆ ತಾವೇ ತಣ್ಣಗಾಗುತ್ತವೆ. ಕೆಲವು ಆಗುವುದಿಲ್ಲ, ಅದೂ ನಿಜ.

ಹುಂಜದ ವಿಚಾರ ಆಮೇಲೆ. ಇವತ್ತು ಕತ್ತಲಾದಮೇಲೆ, ಕೋಳಿಗಳು ಗೂಡು ಸೇರಿದಾಗ, ಹೇಂಟೆಗಳನ್ನು ಒಂದೊಂದಾಗಿ ಎತ್ತಿಕೊಂಡು ನೋಡಿ. ಆ ಹೊತ್ತಲ್ಲಿ ಅವು ಗಲಾಟೆ ಮಾಡುವುದಿಲ್ಲ. ತಲೆಯ ಹಿಂಭಾಗ, ಬೆನ್ನು, ಆಮೇಲೆ ರೆಕ್ಕೆ ಎತ್ತಿ ಎರಡೂ ಪಕ್ಕೆ. ಪಕ್ಕೆಯನ್ನು ಮರೆಯಬೇಡಿ. ಹುಂಜ ಮೆಟ್ಟುವಾಗ ಕಾಲು ಜಾರಿದರೆ ಉಗುರು ಸೀಳುವುದು ಅಲ್ಲೇ, ಮೇಲಿನ ಗರಿ ಅದನ್ನು ಪೂರ್ತಿ ಮುಚ್ಚಿರುತ್ತದೆ. ನಾಲ್ಕು ಗರಿ ಉದುರಿದ್ದರೆ ಚಿಂತೆ ಬೇಡ. ಚರ್ಮ ಕೆಂಪಾಗಿದ್ದರೆ, ಗಾಯ ಇದ್ದರೆ ಆ ಹೇಂಟೆಯನ್ನು ಅವತ್ತೇ ಬೇರೆ ಇಡಿ. ರಕ್ತ ಕಂಡರೆ ಉಳಿದ ಕೋಳಿಗಳೂ ಅಲ್ಲೇ ಕುಕ್ಕುತ್ತವೆ. ಗಾಯವನ್ನು ಉಪ್ಪುನೀರಿನಿಂದ ತೊಳೆಯಿರಿ. ಆಳವಾಗಿ ಸೀಳಿದ್ದರೆ ಪಶುವೈದ್ಯರಿಗೆ ತೋರಿಸಿ. ಬೆಳಿಗ್ಗೆ ಕೆಳಗಿಳಿಯದ ಹೇಂಟೆ ಅಂದಿರಲ್ಲ, ಅದನ್ನೇ ಮೊದಲು ನೋಡಿ. ಹೆದರಿ ಮೇಲೆ ಕೂತ ಕೋಳಿಗೆ ನೀರು, ಕಾಳು ಎರಡೂ ತಪ್ಪುತ್ತದೆ. ಕೈಗೆ ಹಗುರ ಅನ್ನಿಸಿದರೆ ಅದಕ್ಕೆ ಪ್ರತ್ಯೇಕವಾಗಿ ತಿನ್ನಿಸಬೇಕು.

ಇನ್ನು ಲೆಕ್ಕಕ್ಕೆ ಬನ್ನಿ. ಒಂದು ಹುಂಜಕ್ಕೆ ಎಂಟು ಹತ್ತು ಕೋಳಿ ಇದ್ದರೆ ಕಾಟ ಹಂಚಿಹೋಗುತ್ತದೆ. ನಿಮ್ಮಲ್ಲಿ ಎರಡು ಹುಂಜಕ್ಕೆ ನಾಲ್ಕು ಹೇಂಟೆ. ಇನ್ನೊಂದು ಹುಂಜ ಇವತ್ತು ಸಾಧುವಾಗಿರಬಹುದು, ಕೆಂಪನೆಯದು ಇಲ್ಲದ ದಿನ ಅದೂ ಶುರು ಮಾಡುತ್ತದೆ. ಹಾಗಾಗಿ ಎರಡನ್ನೂ ಕೋಳಿಗಳಿಂದ ಬೇರೆ ಮಾಡಿ. ತಂತಿ ಜಾಲರಿ ಅಡ್ಡ ಕಟ್ಟಿದರೆ ಸಾಕು. ಆ ಕಡೆ ಈ ಕಡೆ ಕಾಣಬೇಕು. ಕಣ್ಣಿಗೆ ಬೀಳದ ಹಾಗೆ ದೂರ ಇಟ್ಟರೆ ವಾಪಸ್ ಬಿಟ್ಟಾಗ ಹೊಸಬರ ಹಾಗೆ ಜಗಳ ಆಗುತ್ತದೆ. ಕೋಳಿ ಎದುರಿಗಿಲ್ಲದಿದ್ದರೆ ಅಣ್ಣತಮ್ಮ ಹುಂಜಗಳು ಸಾಮಾನ್ಯವಾಗಿ ಹೊಂದಿಕೊಂಡಿರುತ್ತವೆ. ಜಾಲರಿಯ ಪಕ್ಕವೇ ಕಾದಾಡಿದರೆ ಅವನ್ನೂ ಬೇರೆ ಮಾಡಿ.

ಹೇಂಟೆಗಳು ಮೊಟ್ಟೆ ಇಡಲು ಶುರು ಮಾಡುವ ತನಕ ಹೀಗೇ ಇರಲಿ. ಆಮೇಲೆ ಒಂದು ಹುಂಜವನ್ನು ಮಾತ್ರ, ಸಂಜೆ ಸ್ವಲ್ಪ ಹೊತ್ತು, ನೀವು ಅಲ್ಲೇ ಇದ್ದು ಬಿಡಿ. ಮೊದಲು ತಾಯಿ ಕೋಳಿಯ ಜೊತೆ ಬಿಟ್ಟರೆ ಇನ್ನೂ ಒಳ್ಳೆಯದು. ಎಳೆ ಹುಂಜಕ್ಕೆ ಹಳೆ ಕೋಳಿಯಷ್ಟು ಚೆನ್ನಾಗಿ ಪಾಠ ಹೇಳುವವರು ಇಲ್ಲ. ಹಿತ್ತಲಲ್ಲಿ ಹಲಗೆ, ಹಳೆ ಬುಟ್ಟಿ, ಕಟ್ಟಿಗೆ ರಾಶಿ ಏನಾದರೂ ಇರಲಿ, ಹೇಂಟೆಗೆ ಮರೆ ಸಿಗಬೇಕು. ಬಟಾಬಯಲಲ್ಲಿ ಓಡಿ ಎಲ್ಲಿಗೆ ಹೋಗುತ್ತದೆ, ಅಲ್ವಾ? ಕಾಳು, ನೀರನ್ನು ಎರಡು ಕಡೆ ಇಡಿ.

ಕೋಲು ಬಿಟ್ಟುಬಿಡಿ. ಹೊಡೆದರೆ ಹೇಂಟೆಗೇಕೆ ತೊಂದರೆ ಕೊಡಬಾರದು ಅಂತ ಅದಕ್ಕೇನೂ ತಿಳಿಯುವುದಿಲ್ಲ. ನೀವೂ ಒಂದು ಎದುರಾಳಿ ಹುಂಜ ಅಂದುಕೊಂಡು ನಾಳೆ ನಿಮ್ಮ ಕಾಲಿಗೇ ಹಾರುತ್ತದೆ. ಉಗುರಿನ ತುದಿಯನ್ನು ಅರದಿಂದ ಉಜ್ಜಿ ಮೊಂಡು ಮಾಡಬಹುದು. ತುದಿ ಮಾತ್ರ, ಒಳಗೆ ರಕ್ತನಾಳ ಇರುತ್ತದೆ.

ಕೊಟ್ಟುಬಿಡಬೇಕಾ ಅಂದರೆ, ನೀವು ಕೇಳದ ಒಂದು ಮಾತು ಹೇಳಬೇಕು. ಇವೆಲ್ಲ ಒಂದೇ ತಾಯಿಯ ಮಕ್ಕಳು. ಮುಂದೆ ಮರಿ ಮಾಡಿಸುವ ಆಸೆ ಇದ್ದರೆ ಈ ಎರಡು ಹುಂಜವೂ ಬೇಡ. ಒಡಹುಟ್ಟಿದವುಗಳಲ್ಲೇ ತಲೆಮಾರು ಬೆಳೆಸಿದರೆ ಮೊಟ್ಟೆ ಒಡೆದು ಮರಿ ಬರುವುದು ಕಮ್ಮಿಯಾಗುತ್ತದೆ, ಮರಿ ಬಡಕಲಾಗುತ್ತವೆ. ನಾನಾಗಿದ್ದರೆ ಎರಡನ್ನೂ ಕೊಟ್ಟು, ಬೇರೆ ಕಡೆಯಿಂದ ವರ್ಷ ದಾಟಿದ, ಕೋಳಿಗಳ ಜೊತೆ ಪಳಗಿದ ಒಂದು ಹುಂಜ ತರುತ್ತಿದ್ದೆ. ತಂದದ್ದನ್ನು ಎರಡು ಮೂರು ವಾರ ದೂರ ಇಟ್ಟು, ರೋಗ ಇಲ್ಲವೆಂದು ನೋಡಿ, ಆಮೇಲೆ ಸೇರಿಸಬೇಕು.

ಪ್ರಶ್ನೆ: ಹುಂಜ ಇಲ್ಲದಿದ್ದರೆ ಕೋಳಿ ಮೊಟ್ಟೆ ಇಡುವುದು ನಿಲ್ಲಿಸುತ್ತದೆಯೇ?

ಉತ್ತರ: ಇಲ್ಲ. ಹುಂಜ ಬೇಕಾಗುವುದು ಮರಿಗೆ ಮಾತ್ರ. ಅದೂ ಸದಾ ಜೊತೆಗಿರಬೇಕು ಅಂತಿಲ್ಲ. ಒಮ್ಮೆ ಕೂಡಿದರೆ ಸುಮಾರು ಎರಡು ವಾರ ಕೋಳಿ ಮರಿಯಾಗುವ ಮೊಟ್ಟೆ ಇಡಬಲ್ಲದು.

ಪ್ರಶ್ನೆ: ಹುಂಜವನ್ನು ಬೇರೆ ಮಾಡಿ ತಿಂಗಳಾಯಿತು. ಕೋಳಿಯ ಬೆನ್ನು ಇನ್ನೂ ಬೋಳಾಗಿಯೇ ಇದೆ. ಏನಾದರೂ ಎಣ್ಣೆ ಹಚ್ಚಬೇಕೇ?

ಉತ್ತರ: ಎಣ್ಣೆ ಬೇಡ. ಬೆರಳಿನಿಂದ ಸವರಿ ನೋಡಿ. ಮುರಿದ ಗರಿಯ ಮೋಟು ಚುಚ್ಚಿದರೆ, ಅದು ತಾನಾಗಿ ಉದುರಿ ಹೊಸ ಗರಿ ಬರುವುದು ಮುಂದಿನ ಸಲ ಕೋಳಿ ಗರಿ ಬದಲಿಸುವಾಗಲೇ. ಬುಡದಿಂದ ಕಿತ್ತುಹೋದ ಕಡೆ ಇಷ್ಟು ಹೊತ್ತಿಗೆ ಚಿಗುರಿರಬೇಕಿತ್ತು. ಮೋಟೂ ಇಲ್ಲ, ಚಿಗುರೂ ಇಲ್ಲ ಅಂದರೆ ಬೇರೆ ಕೋಳಿ ಕಿತ್ತು ತಿನ್ನುತ್ತಿರಬಹುದು, ಅರ್ಧ ದಿನ ಕೂತು ಗಮನಿಸಿ. ಬಾಲದ ಕೆಳಗೆ, ರೆಕ್ಕೆಯ ಸಂದಿಯಲ್ಲಿ ಗರಿ ಬಿಡಿಸಿ ಹೇನು ಇದೆಯಾ ನೋಡಿ, ಗರಿಯ ಬುಡದಲ್ಲಿ ಬಿಳಿ ಗಂಟಿನ ಹಾಗೆ ಮೊಟ್ಟೆ ಕಟ್ಟಿರುತ್ತದೆ. ಬೆನ್ನಿಗೆ ಬಟ್ಟೆಯ ಕವಚ ಕಟ್ಟುವವರಿದ್ದಾರೆ. ಹುಂಜ ಜೊತೆಗಿದ್ದಾಗ ಅದರಿಂದ ಉಪಯೋಗ ಇದೆ, ಆದರೆ ಆಗಾಗ ಬಿಚ್ಚಿ ನೋಡದಿದ್ದರೆ ಅದರಡಿಯಲ್ಲೇ ಹೇನು ಸಂಸಾರ ಹೂಡುತ್ತದೆ. ಹುಂಜವನ್ನೇ ಬೇರೆ ಮಾಡಿರುವ ನಿಮಗೆ ಅದು ಬೇಕಿಲ್ಲ.